ಕೊಳ್ಳುವವರಿಲ್ಲದ ನೇಗಿಲು ಮತ್ತು ಲಕ್ಷ್ಮಣರಾವ್

ಕಿರ್ಲೋಸ್ಕರ್ ಎಂಬ ಹೆಸರನ್ನು ಅಕ್ಷರ ಬಾರದ ರೈತನೂ ಬಲ್ಲ. ಬಾವಿಯ ದಂಡೆಯಲ್ಲಿ ನೀರೆತ್ತುವ ಪಂಪಿನ ಮೇಲೆ, ಹಿಟ್ಟಿನ ಗಿರಣಿಯ ಮೋಟಾರಿನ ಮೇಲೆ, ಕರೆಂಟು ಹೋದಾಗ ಗುಡುಗುಡಿಸುವ ಜನರೇಟರಿನ ಮೇಲೆ ಆ ಹೆಸರು ಅಚ್ಚಾಗಿದೆ. ಆದರೆ ಅದು ಒಂದು ಕುಟುಂಬದ ಹೆಸರು, ಆ ಕುಟುಂಬದ ಹಿರಿಯರೊಬ್ಬರು ನಮ್ಮದೇ ಬೆಳಗಾವಿ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದವರು ಎಂಬುದು ಎಷ್ಟು ಮನೆಗಳಿಗೆ ಗೊತ್ತಿದೆ? ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಜನಿಸಿ, 1956ರ ಸೆಪ್ಟೆಂಬರ್ 26ರಂದು ನಿಧನರಾದ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಅವರನ್ನು ನಾವಿಲ್ಲಿ ನೆನಪಿಸಿಕೊಳ್ಳುತ್ತಿರುವುದು ಅವರ ವಂಶ ಗಳಿಸಿದ ಸಂಪತ್ತಿಗಾಗಿ ಅಲ್ಲ. ಇಂಜಿನಿಯರಿಂಗ್ ಪದವಿಯಿಲ್ಲದ ಮನುಷ್ಯರೊಬ್ಬರು ಯಂತ್ರವಿದ್ಯೆಯನ್ನು ಕಲಿತ ಬಗೆ, ಹಾಗೆ ಕಲಿಯುವಾಗ ಅವರ ಜೊತೆ ನಿಂತವರ ಕತೆ ನಮ್ಮ ಇವತ್ತಿನ ಪ್ರಶ್ನೆಯೊಂದಕ್ಕೆ ತೀರಾ ಹತ್ತಿರದ್ದು ಎಂಬ ಕಾರಣಕ್ಕಾಗಿ.

ನಿಜವಾಗಿ, ಲಕ್ಷ್ಮಣರಾವ್ ಆಗಬಯಸಿದ್ದು ಚಿತ್ರಕಲಾವಿದ. ವಿದ್ವಾಂಸ ತಂದೆಯ ಮನೆಯ ವಾತಾವರಣಕ್ಕೆ ಒಗ್ಗದ ಈ ಹುಡುಗ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು. ಕೆಲವು ಬಣ್ಣಗಳನ್ನು ತನ್ನ ಕಣ್ಣು ಗುರುತಿಸಲಾರದು ಎಂಬ ಸತ್ಯ ಅಲ್ಲಿ ಬಯಲಾಯಿತು. ಬಣ್ಣ ಕಾಣದವನು ಚಿತ್ರಕಾರನಾಗುವುದು ಹೇಗೆ? ಇಂಥ ಸಂದರ್ಭದಲ್ಲಿ ಹೆಚ್ಚಿನ ಯುವಕರು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳುತ್ತಾರೆ. ಲಕ್ಷ್ಮಣರಾವ್ ಬಣ್ಣವನ್ನು ಬಿಟ್ಟು ರೇಖೆಯನ್ನು ಹಿಡಿದರು. ಯಂತ್ರಗಳ ನಕ್ಷೆ ಬರೆಯುವ ವಿದ್ಯೆಗೆ ಬಣ್ಣ ಬೇಕಿಲ್ಲ; ಅಳತೆ ಬೇಕು, ಕೈ ನಡುಗಬಾರದು, ಅಷ್ಟೇ. ಅದನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿದ್ಯೆಯ ಸಹಾಯಕ ಶಿಕ್ಷಕರಾದರು. ಪಾಠ ಮುಗಿದ ಬಳಿಕ ಅವರು ನೇರವಾಗಿ ಹೋಗುತ್ತಿದ್ದುದು ಯಂತ್ರಶಾಲೆಗೆ. ಕಾಗದದ ಮೇಲೆ ತಾನು ಎಳೆದ ಗೆರೆ ಕಬ್ಬಿಣದಲ್ಲಿ ಏನಾಗುತ್ತದೆ ಎಂದು ನೋಡುವ ಹಸಿವು ಅವರದು. ಅಮೆರಿಕದ ಯಂತ್ರಶಾಸ್ತ್ರ ನಿಯತಕಾಲಿಕಗಳನ್ನು ತರಿಸಿ ಓದಿದರು. ಯಂತ್ರಗಳನ್ನು ಬಿಚ್ಚಿದರು, ಮತ್ತೆ ಜೋಡಿಸಿದರು. ಇದುವೇ ಅವರ ವಿಶ್ವವಿದ್ಯಾನಿಲಯ.

ಮುಂದೆ ಅದೇ ಸಂಸ್ಥೆಯಲ್ಲಿ ಅವರಿಗೆ ಸಿಗಬೇಕಿದ್ದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾಯಿತು. ಲಕ್ಷ್ಮಣರಾವ್ ಹುದ್ದೆ ಬಿಟ್ಟು ಬೆಳಗಾವಿಗೆ ಹೊರಟರು. ಹೀಗೆ ಹೊರಡುವುದಕ್ಕೆ ಧೈರ್ಯವೊಂದೇ ಸಾಲದು. ಹೊರಟವನಿಗೆ ಬಾಗಿಲು ತೆರೆಯುವ ಮನೆಯೊಂದು ಇರಬೇಕು. ಲಕ್ಷ್ಮಣರಾವ್‌ಗೆ ಆ ಮನೆ ಇತ್ತು. ಅಣ್ಣ ರಾಮುಅಣ್ಣ ಬೆಳಗಾವಿಯಲ್ಲಿದ್ದರು. ಮುಂಬಯಿಯಿಂದ ತಮ್ಮ ಸೈಕಲ್ ಕಳುಹಿಸುವುದು, ಅಣ್ಣ ಅದನ್ನು ಮಾರುವುದು, ಕೊಂಡವರಿಗೆ ಸವಾರಿ ಕಲಿಸುವುದು ಎಂಬ ಸಣ್ಣ ವ್ಯಾಪಾರವನ್ನು ಇಬ್ಬರೂ ಆಗಲೇ ಶುರು ಮಾಡಿದ್ದರು. ಇವತ್ತಿನ ಕಿರ್ಲೋಸ್ಕರ್ ಸಮೂಹ ತನ್ನ ಆರಂಭವನ್ನು ಲೆಕ್ಕ ಹಾಕುವುದು ಆ ಸೈಕಲ್ ಅಂಗಡಿಯ 1888ರ ಇಸವಿಯಿಂದ. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆ ಇಂದಿಗೂ ಅದರ ಗುರುತನ್ನು ಉಳಿಸಿಕೊಂಡಿದೆ.

ಆ ಬಳಿಕ ಅವರು ಕೈ ಹಾಕಿದ್ದು ಮೇವು ಕತ್ತರಿಸುವ ಯಂತ್ರಕ್ಕೆ, ಅನಂತರ ಕಬ್ಬಿಣದ ನೇಗಿಲಿಗೆ. 1903ರ ಹೊತ್ತಿಗೆ ನೇಗಿಲು ತಯಾರಾಯಿತು. ಆದರೆ ಕೊಳ್ಳುವವರು? ರೈತ ನೇಗಿಲನ್ನು ನೋಡಿದ, ಮುಟ್ಟಿದ, ತಲೆಯಾಡಿಸಿ ಮನೆಗೆ ಹೋದ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬುದು ಅವನ ನಂಬಿಕೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಬೇಕಾಯಿತು. ಆ ಎರಡು ವರ್ಷಗಳ ಬಗ್ಗೆ ತುಸು ಯೋಚಿಸಿ. ಅಂಗಡಿಯ ಮೂಲೆಯಲ್ಲಿ ಮಾಲು ಬಿದ್ದಿದೆ, ಹಾಕಿದ ಬಂಡವಾಳ ಅದರೊಳಗೆ ಸಿಕ್ಕಿಕೊಂಡಿದೆ, ಮನೆಯಲ್ಲಿ ಪತ್ನಿ ರಾಧಾಬಾಯಿ ಇದ್ದಾರೆ, 1903ರಲ್ಲೇ ಹುಟ್ಟಿದ ಮಗ ಶಂತನುರಾವ್ ತೊಟ್ಟಿಲಲ್ಲಿದ್ದಾನೆ. ನೌಕರಿ ಬಿಟ್ಟು ಬಂದವನನ್ನು ಸಮಾಜ ಯಾವ ಕಣ್ಣಿನಿಂದ ನೋಡುತ್ತದೆ ಎಂಬುದು ನಮಗೆಲ್ಲ ಗೊತ್ತಿರುವುದೇ. ಸ್ವಯಂ ಕಲಿತವರ ಸಾಧನೆಯನ್ನು ಕೊಂಡಾಡುವಾಗ ಈ ವರ್ಷಗಳ ಅನ್ನ ಎಲ್ಲಿಂದ ಬಂತು ಎಂದು ನಾವು ಕೇಳುವುದೇ ಇಲ್ಲ. ಯಶಸ್ಸಿನ ಚರಿತ್ರೆಯಲ್ಲಿ ಒಬ್ಬನ ಹೆಸರು ಉಳಿಯುತ್ತದೆ. ಮನೆಯವರ ಸಹನೆಗೆ ಚರಿತ್ರೆಯಲ್ಲಿ ಒಂದು ಸಾಲೂ ಸಿಗುವುದಿಲ್ಲ.

ವ್ಯಾಪಾರ ತುಸು ಚೇತರಿಸಿಕೊಂಡಾಗ ಇನ್ನೊಂದು ಏಟು ಬಿತ್ತು. ಊರು ಬೆಳೆಯುತ್ತಿದೆ, ಈ ಜಾಗ ಖಾಲಿ ಮಾಡಿ ಎಂದು ಪುರಸಭೆ ಹೇಳಿತು. ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ರಾಜ. ಈಗಿನ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದ ಕುಂಡಲ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಅವರು ಕೊಟ್ಟರು. ಪಾಪಸುಕಳ್ಳಿ ಮತ್ತು ಹಾವುಗಳಿಂದ ತುಂಬಿದ್ದ ಆ ಜಾಗಕ್ಕೆ 1910ರಲ್ಲಿ ಲಕ್ಷ್ಮಣರಾವ್ ಹೋದಾಗ ಜೊತೆಗಿದ್ದುದು 25 ಮಂದಿ ಕೆಲಸಗಾರರು ಮತ್ತು ಅವರ ಕುಟುಂಬಗಳು. ಅವರೇಕೆ ಹೋದರು? ಬೆಳಗಾವಿಯಲ್ಲಿ ಅವರಿಗೆ ಬೇರೆ ಕೆಲಸವೇ ಸಿಗುತ್ತಿರಲಿಲ್ಲವೇ? ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಳ್ಳಿಗಿಡದ ನಡುವೆ ಬದುಕು ಕಟ್ಟಲು ಒಬ್ಬ ಯಜಮಾನನ ಹಿಂದೆ 25 ಕುಟುಂಬಗಳು ಹೊರಡುತ್ತವೆಂದರೆ, ಆ ಯಜಮಾನ ಅದಕ್ಕಿಂತ ಮೊದಲು ಅವರನ್ನು ನಡೆಸಿಕೊಂಡ ರೀತಿಯೇ ಕಾರಣವಾಗಿರಬೇಕು.

ಅಂದಹಾಗೆ, ಕಿರ್ಲೋಸ್ಕರ್‌ವಾಡಿ ಎಂದು ಹೆಸರಾದ ಆ ಊರಿನಲ್ಲಿ ಅವರು ಕಾರ್ಖಾನೆಯ ಜೊತೆಗೇ ವಸತಿಯನ್ನೂ ಕಟ್ಟಿದರು. ತನ್ನ ಆವರಣದಲ್ಲಿ ಅಸ್ಪೃಶ್ಯತೆಗೆ ಜಾಗವಿಲ್ಲ ಎಂದು ಹೇಳಿದರು. ಅಪರಾಧದ ಹಿನ್ನೆಲೆಯುಳ್ಳವರನ್ನು ಕರೆದು ರಾತ್ರಿ ಕಾವಲಿನ ಕೆಲಸ ಕೊಟ್ಟರು. ಶತಮಾನದ ಹಿಂದೆ ಈ ದೇಶದ ಹಳ್ಳಿಗಳಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕು, ಯಾರು ಯಾವ ಬಾವಿಯ ನೀರು ಸೇದಬೇಕು ಎಂಬುದು ಹುಟ್ಟಿನಿಂದಲೇ ತೀರ್ಮಾನವಾಗುತ್ತಿದ್ದ ಕಾಲದಲ್ಲಿ ಇದು ಸಣ್ಣ ನಿರ್ಧಾರವಲ್ಲ. ನೇಗಿಲಿನ ಬಗ್ಗೆ ಜನರ ಮೂಢನಂಬಿಕೆಯನ್ನು ಎದುರಿಸಿದ್ದ ಮನುಷ್ಯ ಮನುಷ್ಯರ ಬಗೆಗಿನ ಮೂಢನಂಬಿಕೆಯನ್ನೂ ಎದುರಿಸಿದರು.

ಕುಟುಂಬಸ್ಥರಾಗಿ ಅವರನ್ನು ನೋಡುವುದಾದರೆ, ಅಲ್ಲಿಯೂ ಕಲಿಯುವುದಿದೆ. ಪದವಿಯಿಲ್ಲದೆ ಗೆದ್ದವರು ಸಾಮಾನ್ಯವಾಗಿ ಪದವಿಯನ್ನು ಹಗುರವಾಗಿ ಕಾಣುತ್ತಾರೆ. 'ನಾನು ಕಾಲೇಜಿಗೆ ಹೋಗಿದ್ದೆನೇ? ನನಗೇನು ಕಡಿಮೆಯಾಗಿದೆ?' ಎಂದು ಮಗನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುವ ತಂದೆಯಂದಿರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಲಕ್ಷ್ಮಣರಾವ್ ಹಾಗೆ ಮಾಡಲಿಲ್ಲ. ಮಗ ಶಂತನುರಾವ್‌ರನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಗೆ ಕಳುಹಿಸಿದರು. 1926ರಲ್ಲಿ ಆತ ಇಂಜಿನಿಯರ್ ಆಗಿ ಹೊರಬಂದರು. ಅಣ್ಣನ ಮಗ ಶಂಕರರಾವ್‌ಗೆ ಒಲವಿದ್ದುದು ಚಿತ್ರದಲ್ಲಿ ಮತ್ತು ಬರಹದಲ್ಲಿ. ಆತನನ್ನು ಕುಲುಮೆಗೆ ತಳ್ಳುವ ಬದಲು ಪತ್ರಿಕೆ ನಡೆಸಲು ಬಿಟ್ಟರು. 1920ರಲ್ಲಿ ಕಾರ್ಖಾನೆಯ ಸುದ್ದಿಪತ್ರವಾಗಿ ಆರಂಭವಾದದ್ದು ಮರಾಠಿಯ ಪ್ರಮುಖ ಮಾಸಿಕವಾಗಿ ಬೆಳೆಯಿತು. 1930ರಲ್ಲಿ ಮಹಿಳೆಯರಿಗಾಗಿ 'ಸ್ತ್ರೀ' ಎಂಬ ಪತ್ರಿಕೆಯೂ ಅಲ್ಲಿಂದಲೇ ಹೊರಟಿತು. ನೇಗಿಲಿನ ಜೊತೆ ಪಂಪುಗಳೂ ಬಂದವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಲೆಯೆತ್ತಿತು, ಲೇತ್ ಯಂತ್ರಗಳಿಗೆ ಹೆಸರಾಯಿತು, ದಾವಣಗೆರೆ-ಹರಿಹರದ ಸಾವಿರಾರು ಮನೆಗಳ ಒಲೆ ಉರಿಸಿತು. ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿಹೋದ ನೋವನ್ನು ಹರಿಹರದ ಹಿರಿಯರು ಇನ್ನೂ ಮರೆತಿಲ್ಲ. ಕಾರ್ಖಾನೆಗಳಿಗೂ ಆಯುಷ್ಯವಿದೆ. ಕಲಿಯುವ ಅಭ್ಯಾಸವನ್ನು ಮನೆಯಲ್ಲಿ ಬಿಟ್ಟು ಹೋದರೆ ಅದರ ಆಯುಷ್ಯ ಹೆಚ್ಚು.

ಇಷ್ಟಕ್ಕೂ, ಈ ಕತೆಯನ್ನು ನಾವು ನಮ್ಮ ಓದುಗರ ಮುಂದೆ ಇಡುತ್ತಿರುವುದೇಕೆ?

ನಮ್ಮ ಪಟ್ಟಣಗಳ ಬಸ್ ನಿಲ್ದಾಣದ ಹಿಂದಿನ ರಸ್ತೆಗೊಮ್ಮೆ ಹೋಗಿ ನೋಡಿ. ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಲೇತ್, ಮೋಟಾರು ವೈಂಡಿಂಗ್, ರೇಡಿಯೇಟರ್ ರಿಪೇರಿ. ಅಲ್ಲಿ ದುಡಿಯುವವರಲ್ಲಿ ನಮ್ಮವರೆಷ್ಟು ಎಂದು ಎಣಿಸಲು ಹೆಚ್ಚು ಹೊತ್ತು ಬೇಡ. ಮುಸ್ಲಿಮರಲ್ಲಿ ಸ್ವಂತ ದುಡಿಮೆಯನ್ನು ನಂಬಿದವರ ಪ್ರಮಾಣ ಹೆಚ್ಚು, ನಿಯಮಿತ ಸಂಬಳದ ಉದ್ಯೋಗದಲ್ಲಿರುವವರ ಪ್ರಮಾಣ ಕಡಿಮೆ ಎಂದು 2006ರಲ್ಲೇ ಸಾಚಾರ್ ಸಮಿತಿ ಗುರುತಿಸಿತ್ತು. ಇಂಜಿನ್‌ನ ಸದ್ದು ಕೇಳಿಯೇ ಎಲ್ಲಿ ತೊಂದರೆಯಿದೆ ಎಂದು ಹೇಳಬಲ್ಲ ಮೇಸ್ತ್ರಿಗಳು ಆ ರಸ್ತೆಯಲ್ಲಿದ್ದಾರೆ. ಅವರಿಗೆ ಯಾರೂ ಪದವಿ ಕೊಟ್ಟಿಲ್ಲ. ಹಾಗಂತ ಅವರ ಜ್ಞಾನ ಕಡಿಮೆಯದ್ದೂ ಅಲ್ಲ. ಆದರೆ ಹೆಣ್ಣು ಕೇಳಲು ಹೋದಾಗ ಹತ್ತು ಸಾವಿರ ಸಂಬಳದ ಕಚೇರಿಯ ಹುಡುಗನಿಗೆ ಸಿಗುವ ಮರ್ಯಾದೆ ಅದರ ಮೂರು ಪಟ್ಟು ದುಡಿಯುವ ಮೆಕ್ಯಾನಿಕ್‌ಗೆ ಸಿಗುವುದಿಲ್ಲ. ಕೈಗೆ ಅಂಟಿದ ಗ್ರೀಸನ್ನು ನಾವು ಅಜ್ಞಾನದ ಗುರುತೆಂದು ತಿಳಿದುಕೊಂಡಿದ್ದೇವೆ. ಇದು ನಮ್ಮ ತಪ್ಪು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಆ ಮೇಸ್ತ್ರಿಯ ವಿದ್ಯೆ ಅವನ ಬೆರಳುಗಳಲ್ಲಿದೆ, ಕಾಗದದ ಮೇಲಿಲ್ಲ. ನಕ್ಷೆ ಓದಲು, ಅಳತೆ ಬರೆದಿಡಲು, ಹೊಸ ಯಂತ್ರದ ಕೈಪಿಡಿ ಬಿಡಿಸಿ ನೋಡಲು ಅವನಿಗೆ ಯಾರೂ ಕಲಿಸಿಲ್ಲ. ಆದ್ದರಿಂದ ಅವನ ಕಣ್ಣು ಮಂಜಾದಂತೆ ಅವನ ವಿದ್ಯೆಯೂ ಮಂಜಾಗುತ್ತದೆ, ಅವನ ಜೊತೆಗೇ ಮಣ್ಣು ಸೇರುತ್ತದೆ. ಲಕ್ಷ್ಮಣರಾವ್‌ಗೂ ಅವನಿಗೂ ಇರುವ ವ್ಯತ್ಯಾಸ ಬುದ್ಧಿಯದ್ದಲ್ಲ. ಲಕ್ಷ್ಮಣರಾವ್ ಅವರ ಕೈಯಲ್ಲಿ ಪೆನ್ಸಿಲ್ ಇತ್ತು, ಮೇಜಿನ ಮೇಲೆ ಯಂತ್ರಗಳ ಪತ್ರಿಕೆಯಿತ್ತು. ಅವರನ್ನು ಸ್ವಯಂ ಕಲಿತವರು ಎನ್ನುವಾಗ ಇದನ್ನು ಮರೆಯಬಾರದು. ಇವತ್ತು ಎಲೆಕ್ಟ್ರಿಕ್ ಸ್ಕೂಟರುಗಳು ರಸ್ತೆಗಿಳಿದಿವೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವ ಕೌಶಲದಿಂದ ಬ್ಯಾಟರಿಯ ಗಾಡಿ ರಿಪೇರಿಯಾಗುವುದಿಲ್ಲ. ಕಂಪ್ಯೂಟರಿನಿಂದ ನಡೆಯುವ ಲೇತ್ ಕಿವಿಯ ಮಾತನ್ನು ಕೇಳುವುದಿಲ್ಲ, ಅದಕ್ಕೆ ಅಂಕಿಗಳಲ್ಲಿ ಹೇಳಬೇಕು. ಓದದ ಕೈ ಎಷ್ಟೇ ಜಾಣ ಕೈಯಾದರೂ ಮುಂದಿನ ಹತ್ತು ವರ್ಷಗಳಲ್ಲಿ ಬರಿಗೈಯಾಗುವ ಅಪಾಯವಿದೆ.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಲಕ್ಷ್ಮಣರಾವ್ ಅವರ ಉದಾಹರಣೆ ಕೊಟ್ಟು ಹನ್ನೆರಡರ ಹರೆಯದ ಹುಡುಗನನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಸೇರಿಸುವುದಕ್ಕೆ ಯಾರೂ ಸಮರ್ಥನೆ ಹುಡುಕಬಾರದು. 2016ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಹದಿನಾಲ್ಕು ತುಂಬದ ಮಕ್ಕಳನ್ನು ಹೀಗೆ ದುಡಿಸುವುದು ಅಪರಾಧ. ಕಾನೂನನ್ನು ಬದಿಗಿಟ್ಟರೂ ಅದು ಆ ಮಗುವಿಗೆ ಮಾಡುವ ಅನ್ಯಾಯ. ಚಹಾ ತರುತ್ತಾ, ಸ್ಪ್ಯಾನರ್ ಎತ್ತಿಕೊಡುತ್ತಾ, ಬೈಗುಳ ತಿನ್ನುತ್ತಾ ಐದಾರು ವರ್ಷ ಕಳೆಯುವುದಕ್ಕೆ ಸ್ವಯಂ ಕಲಿಕೆ ಎಂದು ಹೆಸರಿಡುವುದು ಆತ್ಮವಂಚನೆ. ಮೊದಲು ಓದು, ಲೆಕ್ಕ, ಗೆರೆ. ಆಮೇಲೆ ಕಬ್ಬಿಣ.

ಹಾಗಾದರೆ ಏನು ಮಾಡಬಹುದು? ಹತ್ತನೇ ತರಗತಿ ಮುಗಿಸಿದ, ಯಂತ್ರದಲ್ಲಿ ಆಸಕ್ತಿಯಿರುವ ಹುಡುಗನಿಗೆ ಐಟಿಐ ಇದೆ, ಡಿಪ್ಲೊಮಾ ಇದೆ, ಕರ್ನಾಟಕ ಸರಕಾರದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಿವೆ. ಪಿಯುಸಿಯಲ್ಲಿ ವಿಜ್ಞಾನ ಸಿಗಲಿಲ್ಲವೆಂದು ಇವುಗಳಿಗೆ ಸೇರುವುದು ಬೇರೆ, ಇಷ್ಟಪಟ್ಟು ಸೇರುವುದು ಬೇರೆ. ಈಗಾಗಲೇ ಕೆಲಸ ಬಲ್ಲ ಮೇಸ್ತ್ರಿಗಳಿಗೆ ಅವರ ಅನುಭವವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ. ಬ್ಯಾಂಕಿನ ಬಾಗಿಲಲ್ಲಿ, ಗಲ್ಫಿನ ಕೆಲಸದ ಅರ್ಜಿಯಲ್ಲಿ ಅಂಥ ಕಾಗದಕ್ಕೆ ಬೆಲೆಯಿದೆ. ನಮ್ಮ ಸಂಘಟನೆಗಳು ವರ್ಷಕ್ಕೊಮ್ಮೆ ರ‍್ಯಾಂಕ್ ವಿದ್ಯಾರ್ಥಿಗಳಿಗೆ ಶಾಲು ಹೊದೆಸುತ್ತವೆ, ಸಂತೋಷ. ಅದೇ ವೇದಿಕೆಯಲ್ಲಿ ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನೂ ಕೂರಿಸಬಾರದೇಕೆ? ಭಾನುವಾರದ ಎರಡು ಗಂಟೆ ಗ್ಯಾರೇಜಿನ ಹುಡುಗರಿಗೆ ನಕ್ಷೆ ಓದಲು ಕಲಿಸುವ ಇಂಜಿನಿಯರಿಂಗ್ ಪದವೀಧರರು ನಮ್ಮಲ್ಲಿ ಸಿಗಲಾರರೇ? ಕಲಿಸಲು ಬಂದ ಪದವೀಧರ ಅದೇ ಹೊತ್ತಿನಲ್ಲಿ ಇಂಜಿನ್ ಬಿಚ್ಚುವುದನ್ನು ಆ ಹುಡುಗರಿಂದ ಕಲಿಯಲೂಬಹುದು.

ಲಕ್ಷ್ಮಣರಾವ್ ಜನ್ಮ ಶತಮಾನೋತ್ಸವದ ನೆನಪಿಗಾಗಿ 1969ರಲ್ಲಿ ಭಾರತ ಸರಕಾರ ಅಂಚೆಚೀಟಿ ಹೊರತಂದಿತು. ಮಗ ಶಂತನುರಾವ್ ತನ್ನ ಆತ್ಮಕತೆಗೆ ಇಟ್ಟ ಹೆಸರು 'ಕ್ಯಾಕ್ಟಸ್ ಅಂಡ್ ರೋಸಸ್'; ಕಳ್ಳಿ ಮತ್ತು ಗುಲಾಬಿ. ಕಳ್ಳಿಯ ಕಾಲದಲ್ಲಿ ಒಬ್ಬ ಅಣ್ಣ, ಒಬ್ಬ ಹೆಂಡತಿ, ಸಾಲ ಕೊಟ್ಟ ಒಬ್ಬ ರಾಜ ಮತ್ತು 25 ಕುಟುಂಬಗಳು ಜೊತೆಗಿದ್ದುದರಿಂದಲೇ ಆ ಎರಡನೆಯ ಪದವನ್ನು ಬರೆಯಲು ಸಾಧ್ಯವಾಯಿತು. ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ ಕೊಳ್ಳುವವರಿಲ್ಲದ ನೇಗಿಲೊಂದನ್ನು ಇಟ್ಟುಕೊಂಡು ಕಾಯುತ್ತಿರುವ ಹುಡುಗ ಇದ್ದಾನೆಯೇ? ಇದ್ದರೆ, ಈ ಎರಡು ವರ್ಷ ಅವನ ಜೊತೆ ನಿಲ್ಲುವವರು ಯಾರು? ಈ ವಾರ ಪ್ರತಿ ಮನೆಯೂ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಲಿ ಎಂಬುದು ನಮ್ಮ ಆಶಯ.