ಲೈಸೆನ್ಸ್ ಕೊಟ್ಟರೆ ಕಳ್ಳಸಾಗಣೆ ನಿಲ್ಲುತ್ತಾ?

ಮೊನ್ನೆ ಯಶವಂತಪುರದ ರೈಲ್ವೆ ಸ್ಟೇಷನ್ ಹತ್ತಿರ ಕಾಫಿ ಕುಡೀತಿದ್ದಾಗ ಗೆಳೆಯ ಹಳೇ ವಾದ ತೆಗೆದ. "ವೇಶ್ಯಾವಾಟಿಕೆ ಲೀಗಲ್ ಮಾಡಿ ಲೈಸೆನ್ಸ್ ಕೊಟ್ಟುಬಿಡಲಿ ಗುರೂ, ಹೆಣ್ಣುಮಕ್ಕಳನ್ನ ಸಾಗಿಸೋದು ತಾನಾಗೇ ನಿಲ್ಲುತ್ತೆ." ಅವನೊಬ್ಬನದೇ ಯೋಚನೆ ಅಲ್ಲ ಬಿಡಿ. ತಡೆಯೋಕೆ ಆಗದಿದ್ದರೆ ಕಾನೂನುಬದ್ಧ ಯಾಕೆ ಮಾಡಬಾರದು ಅಂತ 2009ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಕೇಂದ್ರ ಸರ್ಕಾರವನ್ನು ಕೇಳಿತ್ತು. ಅದೂ ಮಕ್ಕಳ ಕಳ್ಳಸಾಗಣೆಯ ಕೇಸಿನಲ್ಲಿ!

ಲೈಸೆನ್ಸಿನಿಂದ ನಿಲ್ಲಲ್ಲ ಅಂತ ನನ್ನ ವಾದ.

ನಮ್ಮಲ್ಲಿ ವಯಸ್ಕ ಹೆಂಗಸು ತಾನಾಗಿ ಈ ಕೆಲಸ ಮಾಡೋದು ಅಪರಾಧವೇ ಅಲ್ಲ, ಬಹಳ ಜನಕ್ಕೆ ಇದು ಗೊತ್ತಿಲ್ಲ. 1956ರ ಕಾಯ್ದೆ ಪ್ರಕಾರ ವೇಶ್ಯಾಗೃಹ ನಡೆಸೋದು, ದಲ್ಲಾಳಿತನ, ಬೀದಿಯಲ್ಲಿ ಗಿರಾಕಿ ಕರೆಯೋದು ಅಪರಾಧ. ಪಾಪ, ರಸ್ತೆಬದಿ ನಿಂತವಳು ಸಿಕ್ಕಿಬೀಳೋದು ಈ ಕೊನೆಯದರಲ್ಲಿ.

ಇನ್ನು ಬೆಂಗಳೂರಲ್ಲಿ ಕಾಮಾಠಿಪುರ, ಸೋನಾಗಾಚಿ ಥರದ ಕೇರಿಯೇ ಇಲ್ಲ. ಬಸ್‌ಸ್ಟಾಪು, ಲಾಡ್ಜು, ಬಾಡಿಗೆ ಮನೆ, ಈಗಂತೂ ಮೊಬೈಲು. ಮನೇಲಿ ಗಾರ್ಮೆಂಟ್ಸ್ ಕೆಲಸ ಅಂತ ಹೇಳಿ ಬಂದವಳು ಫೋಟೋ ಕೊಟ್ಟು ಹೆಸರು ಬರೆಸ್ತಾಳಾ? ಲೈಸೆನ್ಸ್ ತಗೊಳೋನು ಮಾಲೀಕ. ಅವಳು ಅವನ ಕೈಗೆ ಇನ್ನಷ್ಟು ಸಿಕ್ಕಿಬೀಳ್ತಾಳೆ. ಜರ್ಮನಿ 2002ರಲ್ಲಿ ಕಾನೂನುಬದ್ಧ ಮಾಡಿತು, ಸಾಲದು ಅಂತ 2017ರಲ್ಲಿ ನೋಂದಣಿ ಕಡ್ಡಾಯ ಮಾಡಿತು. ಅಲ್ಲೂ ಎಷ್ಟೋ ಜನ ಹೆಸರು ಬರೆಸದೇ ಹೊರಗೇ ಉಳಿದರು.

ಇಟ್ಟಿಗೆ ಗೂಡು ನೋಡಿ. ಪೂರ್ತಿ ಲೀಗಲ್ ವ್ಯಾಪಾರ. ಜೀತಪದ್ಧತಿ ರದ್ದಾಗಿದ್ದು 1976ರಲ್ಲಿ. ಆದರೂ ಬೆಂಗಳೂರು ಸುತ್ತಲ ಗೂಡುಗಳಿಂದ ಒಡಿಶಾದ ಕೂಲಿಗಳನ್ನು ಬಿಡಿಸಿದ ಸುದ್ದಿ ನಾವೇ ಓದಿದ್ದೀವಿ. ಮುಂಗಡ, ಸಾಲ, ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ, ಇಷ್ಟಿದ್ದರೆ ಮನುಷ್ಯನನ್ನು ಕಟ್ಟಿಹಾಕೋಕೆ ಸಾಕು. ವ್ಯಾಪಾರ ಲೀಗಲ್ಲೋ ಅಲ್ಲವೋ ಅಂತ ಸಾಗಿಸೋನು ತಲೆ ಕೆಡಿಸಿಕೊಳ್ಳಲ್ಲ.

ಹಾಗಂತ ಈಗಿರೋದೇ ಸರಿ ಅಂತಲೂ ಅಲ್ಲ. ಲಾಡ್ಜಿಗೆ ಹದಿನೈದರ ಹುಡುಗಿಯನ್ನು ತಂದರೆ ಮೊದಲು ಗೊತ್ತಾಗೋದು ಅಲ್ಲಿಗೆ ಬಂದುಹೋಗುವ ಹೆಂಗಸರಿಗೆ. ಆಕೆ ಸ್ಟೇಷನ್ನಿಗೆ ಹೋಗಿ ಹೇಳ್ತಾಳಾ? ಹೋದರೆ ಮೊದಲ ಪ್ರಶ್ನೆ, ನಿನಗೇನು ಕೆಲಸ ಅಲ್ಲಿ? ಕಾಂಡೋಮನ್ನು ಸಾಕ್ಷಿ ಮಾಡಬಾರದು ಅಂತ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಗಿರಾಕಿ ಕರೆಯೋದು ಅಪರಾಧ ಅನ್ನೋ 8ನೇ ಸೆಕ್ಷನ್ ಇನ್ನೂ ಹಾಗೇ ಇದೆ. ಅದನ್ನು ತೆಗೀರಿ ಮೊದಲು. ಕರ್ನಾಟಕ ಸೆಕ್ಸ್ ವರ್ಕರ್ಸ್ ಯೂನಿಯನ್ನಿನವರು ಕೇಳ್ತಿರೋದೂ ಲೈಸೆನ್ಸ್ ಅಲ್ಲ, ತಮ್ಮನ್ನು ಅಪರಾಧಿ ಮಾಡಬೇಡಿ ಅಂತ. ಕೇಸಿನ ಭಯ ಇಲ್ಲದವಳು ಬಾಯಿಬಿಟ್ಟರೆ ದಲ್ಲಾಳಿಗೆ ಕಷ್ಟ.

ಗೆಳೆಯ ಬಿಲ್ಲು ಕೊಡ್ತಾ, "ಅಂದ್ರೆ ನೀನು ಪರವೋ ವಿರೋಧವೋ?" ಅಂದ. ಮಾಲೀಕನಿಗೆ ಲೈಸೆನ್ಸ್ ಬೇಡ, ಅವಳ ಮೇಲೆ ಕೇಸೂ ಬೇಡ ಅಂದೆ. "ಎರಡೂ ಕಡೆಯೋರ ಕೈಲಿ ಬೈಸ್ಕೋತೀಯ" ಅಂತ ನಕ್ಕ. ಬೈಯೋರು ಕಾಮೆಂಟಲ್ಲಿ ಬೈಯಿರಿ, ಕಾಯ್ತಿರ್ತೀನಿ.