ಭಂಡಾರ ಕೆಂಪಾದರೆ ಸಾಬೂನು ಬದಲಿಸಿ

ರಾಯಬಾಗ ತಾಲ್ಲೂಕಿನ ಚಿಂಚಲಿಗೆ ಹೋಗಿ ಮಾಯಕ್ಕನ ಜಾತ್ರೆ ಮುಗಿಸಿ ಬಂದ ಗಾಡಿ ದೂರದಿಂದಲೇ ಗೊತ್ತಾಗುತ್ತದೆ. ಬಾನೆಟ್ಟು, ಗಾಜು, ಸೀಟು ಎಲ್ಲ ಕಡೆ ಭಂಡಾರದ, ಅಂದರೆ ಜಾತ್ರೆಯಲ್ಲಿ ಎರಚುವ ಅರಿಶಿನದ ಹಳದಿ. ಮರುದಿನ ಅಂಕಲಿಯಲ್ಲೋ ಚಿಕ್ಕೋಡಿಯಲ್ಲೋ ಮನೆಮುಂದೆ ನಿಲ್ಲಿಸಿ, ಬಟ್ಟೆ ಒಗೆಯುವ ಪುಡಿ ಕಲಸಿ ಉಜ್ಜಿದರೆ ಆ ಹಳದಿ ಕೆಂಪಾಗಿಬಿಡುತ್ತದೆ. ಇದರಿಂದ ಗಾಬರಿಯಾಗಬೇಕಿಲ್ಲ. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುವುದು ಅದರ ಸ್ವಭಾವ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದರಿಂದಲೇ. ಆದರೆ ಕಾರಿಗೆ ಯಾವ ಸಾಬೂನು ಸರಿ ಎಂಬ ವಿಚಾರವನ್ನು ಇಲ್ಲಿಂದಲೇ ಶುರು ಮಾಡಬಹುದು.

ಆಮ್ಲ, ಕ್ಷಾರಗಳನ್ನು ಅಳೆಯುವ ಪಿಎಚ್ ಮಾಪನ 0ಯಿಂದ 14ರವರೆಗೆ ಇದೆ. 7 ಎಂದರೆ ತಟಸ್ಥ. ಒಂದೊಂದು ಮೆಟ್ಟಿಲು ಏರಿದಂತೆ ಕ್ಷಾರತೆ ಹತ್ತು ಪಟ್ಟು ಹೆಚ್ಚುತ್ತದೆ. ಬಟ್ಟೆ ಪುಡಿಯಲ್ಲಿ ಸೋಡಾ ಇರುವುದರಿಂದ ಅದರ ನೀರು ಸುಮಾರು 10ರಲ್ಲಿರುತ್ತದೆ, ಅಂದರೆ ತಟಸ್ಥಕ್ಕಿಂತ ಸಾವಿರ ಪಟ್ಟು ಹೆಚ್ಚು ಕ್ಷಾರ. ಬೆವರಿನ ಜಿಡ್ಡು ಹಿಡಿದ ಅಂಗಿಗೆ ಅದು ಬೇಕು. ಗಾಡಿಯ ಕೊಳೆ ಬೇರೆ: ಎರೆಮಣ್ಣಿನ ಧೂಳು, ಕಬ್ಬು ನುರಿಸುವ ಹಂಗಾಮಿನಲ್ಲಿ ಬೀಳುವ ಕಾರ್ಖಾನೆಯ ಬೂದಿ, ಸುಟ್ಟ ರವದಿಯ (ಕಬ್ಬಿನ ಒಣ ಸೋಗೆಯ) ಕರಿ. ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಇರುತ್ತದೆ, ಮರಳಿನಲ್ಲಿರುವ ಅದೇ ವಸ್ತು. ಒಣಗಿದ್ದಾಗ ಅದನ್ನು ಬಟ್ಟೆಯಿಂದ ಒರೆಸುವುದೆಂದರೆ ಬಣ್ಣದ ಮೇಲೆ ಉಪ್ಪುಕಾಗದ ಎಳೆದಂತೆ.

ಕಾರಿನ ಹೊಳಪಿಗೆ ಕಾರಣ ಬಣ್ಣದ ಮೇಲಿರುವ ಪಾರದರ್ಶಕ ಲೇಪ. ಅದರ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಗೂದಲಿಗಿಂತ ಕಡಿಮೆ. ಬಟ್ಟೆ ಪುಡಿಯಿಂದ ಒಮ್ಮೆ ತೊಳೆದ ಮಾತ್ರಕ್ಕೆ ಅದು ಕಿತ್ತುಹೋಗುವುದಿಲ್ಲ. ಆದರೆ ಮೇಲಿನ ಮೇಣ ಹೋಗುತ್ತದೆ, ವಾರವಾರವೂ ಹೀಗಾದರೆ ರಬ್ಬರ್ ಪಟ್ಟಿಗಳು ಒಣಗುತ್ತವೆ, ಕರಗದ ಪುಡಿಯ ಕಣ ಗೀರು ಹಾಕುತ್ತದೆ. ಇಲ್ಲಿ ಸಾಬೂನು ಖಾರವಾಗಿರುವುದಕ್ಕಿಂತ ಜಾರುವಂತಿರುವುದು ಮುಖ್ಯ. ಧೂಳಿನ ಕಣ ಬಣ್ಣವನ್ನು ಕೆರೆಯದೆ ಜಾರಿ ನೀರಿಗೆ ಬರಬೇಕು. ಆದ್ದರಿಂದ ಮೊದಲು ಬರೀ ನೀರು ಸುರಿದು ಮಣ್ಣು ಇಳಿಸಿ, ಆಮೇಲೆ ಸಾಬೂನು ಹಚ್ಚಿ. ಬಟ್ಟೆ ಹಿಂಡಿ ತೊಳೆಯಲು ಬೇರೆ ಬಕೆಟ್ ಇರಲಿ. ಬಾಟಲಿಯ ಮೇಲೆ ‘ಪಿಎಚ್ ತಟಸ್ಥ’ ಎಂದಿರುವ ಕಾರ್ ಶಾಂಪೂ ಉತ್ತಮ. ಸಿಗದಿದ್ದರೆ ತಲೆಗೆ ಹಾಕುವ ಶಾಂಪೂವಿನ ಒಂದು ಪಾಕೀಟು ಒಂದು ಬಕೆಟ್ ನೀರಿಗೆ ಸಾಕು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಿಳಿ ಕಾಗದಕ್ಕೆ ಅರಿಶಿನದ ನೀರು ಹಚ್ಚಿ ಒಣಗಿಸಿ, ಸಾಬೂನಿನ ನೀರಿನ ಒಂದು ಹನಿ ಬಿಡಿ. ಕೆಂಪಾದರೆ ಅದು ಕ್ಷಾರ, ಗಾಡಿಗೆ ಬೇಡ. ಸೀಟಿನ ಬಟ್ಟೆಯಲ್ಲಿ ಉಳಿದ ಅರಿಶಿನದ ಕಲೆಗೆ ಮೆದು ಶಾಂಪೂ ಹಚ್ಚಿ ಬಿಸಿಲಿಗೆ ಬಿಡಿ. ಅರಿಶಿನದ ಬಣ್ಣ ಬೆಳಕಿಗೆ ತಾನೇ ಮಾಸುತ್ತದೆ.

ಈ ಪರೀಕ್ಷೆಗೊಂದು ಮಿತಿ ಇದೆ: ಆಮ್ಲ ಬಿದ್ದರೆ ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ. ಹೆಚ್ಚಿನ ಅಪಾಯವೂ ಆಮ್ಲದ್ದೇ. ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆಯಲು, ಚಕ್ರ ಬೆಳ್ಳಗೆ ಮಾಡಲು ಶೌಚಾಲಯ ತೊಳೆಯುವ ಆ್ಯಸಿಡ್ ಬಳಸುವವರಿದ್ದಾರೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಅಲಾಯ್ ಚಕ್ರವನ್ನು ತಿನ್ನುತ್ತದೆ, ನಟ್ಟು ಬೋಲ್ಟಿಗೆ ತುಕ್ಕು ಹಿಡಿಸುತ್ತದೆ. ಬ್ಲೀಚಿಂಗ್ ಪುಡಿಯೊಂದಿಗೆ ಸೇರಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಚಕ್ರ ಹೊಳೆಯಿಸುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ತೆಳುವಾಗಿದ್ದಾಗ ಅದು ಚರ್ಮಕ್ಕೆ ತಾಗಿದ ಕೂಡಲೇ ಉರಿಯದೆ ಇರಬಹುದು; ಗಂಟೆಗಳ ನಂತರ ಒಳಗಿನ ಮಾಂಸ, ಮೂಳೆಗೆ ಇಳಿಯುತ್ತದೆ, ರಕ್ತದ ಕ್ಯಾಲ್ಸಿಯಂ ಕುಗ್ಗಿಸಿ ಹೃದಯಕ್ಕೂ ಆಪತ್ತು ತರಬಲ್ಲದು. ತಯಾರಕರ ಹೆಸರು, ಒಳಗೇನಿದೆ ಎಂಬ ವಿವರ ಇಲ್ಲದ ಬಿಡಿ ಕ್ಯಾನಿನ ದ್ರವವನ್ನು ಕೊಳ್ಳಲೇಬಾರದು. ವಾಷಿಂಗ್ ಸೆಂಟರಿನಲ್ಲಿ ಬರಿಗೈಯಲ್ಲಿ ತೊಳೆಯುವ ಹುಡುಗರಿಗೆ ಕೈಗವಸು, ಗಂಬೂಟು ಕೊಡಿಸುವುದು ಮಾಲೀಕರ ಹೊಣೆ. ನೀರಿನ ಬಿಳಿ ಕಲೆಗೆ ವಿನೆಗರ್‌ಗೆ ನೀರು ಬೆರೆಸಿ ನೆರಳಲ್ಲಿ ಒರೆಸಿ ತೊಳೆದರೆ ಸಾಕು.

ಟ್ರ್ಯಾಕ್ಟರಿಗೆ, ಗಾಡಿಯ ತಳಕ್ಕೆ ಡೀಸೆಲ್ ಹೊಡೆಯುವ ರೂಢಿಯೂ ಬಿಡಬೇಕಾದದ್ದೇ. ಆ ದಿನ ಮಿಂಚುತ್ತದೆ, ಮರುದಿನ ದುಪ್ಪಟ್ಟು ಧೂಳು ಹಿಡಿಯುತ್ತದೆ. ರಬ್ಬರ್ ಬುಷ್, ಪೈಪು ಉಬ್ಬಿ ಕೆಡುತ್ತವೆ.

ಇನ್ನು ತೊಳೆದ ನೀರಿನ ಮಾತು. ಅಮಾವಾಸ್ಯೆ ಬಂತೆಂದರೆ ಪೂಜೆಗೆ ಮುಂಚೆ ಗಾಡಿಯನ್ನು ಕೃಷ್ಣಾ ಹೊಳೆಗೇ ಇಳಿಸುವವರುಂಟು. ಬೇಸಿಗೆಯಲ್ಲಿ ಹರಿವು ಕುಗ್ಗಿ, ಕಲ್ಲೋಳ–ಯಡೂರಿನಂಥ ಬ್ಯಾರೇಜುಗಳ ಹಿಂದೆ ನೀರು ನಿಂತಿರುತ್ತದೆ. ಆಗ ಹಾಕಿದ ಸಾಬೂನು, ಎಣ್ಣೆ ಅಲ್ಲೇ ಉಳಿಯುತ್ತವೆ. ಸಾಬೂನಿನ ಅಂಶ ಮೀನಿನ ಕಿವಿರಿಗೆ ಹಾನಿ. 1950ರ ದಶಕದಲ್ಲಿ ಬೇಗ ಕೊಳೆಯದ ಡಿಟರ್ಜೆಂಟುಗಳಿಂದ ಯುರೋಪು, ಅಮೆರಿಕದ ನದಿಗಳ ಮೇಲೆ ನೊರೆಯ ಗುಡ್ಡೆಗಳೇ ಎದ್ದವು; 1960ರ ದಶಕದಲ್ಲಿ ಕಂಪನಿಗಳು ರಾಸಾಯನಿಕವನ್ನೇ ಬದಲಿಸಬೇಕಾಯಿತು. ಈಗಿನವು ಬೇಗ ಕೊಳೆಯುತ್ತವೆ ನಿಜ, ಆದರೆ ಅದಕ್ಕೂ ಸಮಯ ಬೇಕು. ಹೊಳೆ, ಬಾವಿಗಳಿಂದ ದೂರದ ಮಣ್ಣಿನ ಅಂಗಳದಲ್ಲಿ ತೊಳೆದರೆ ಕೊಳೆಯಿಸುವ ಆ ಕೆಲಸವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮಾಡುತ್ತವೆ.

ದಂಡೆಯ ಊರುಗಳ ಗ್ರಾಮ ಪಂಚಾಯಿತಿಗಳು ಹೊಳೆಯಿಂದ ದೂರ ಒಂದು ತೊಳೆಯುವ ಕಟ್ಟೆ, ಎಣ್ಣೆ ತಡೆಯುವ ಒಂದು ಗುಂಡಿ ಮಾಡಿಕೊಟ್ಟರೆ ಹೊಳೆಗೆ ಗಾಡಿ ಇಳಿಸಬೇಡಿ ಎಂದು ಹೇಳುವುದಕ್ಕೂ ಬಲ ಬರುತ್ತದೆ. ಅಲ್ಲಿಯವರೆಗೆ ಒಂದು ಪಾಕೀಟು ಶಾಂಪೂ, ಎರಡು ಬಕೆಟ್, ಒಂದು ಮೆತ್ತನೆಯ ಬಟ್ಟೆ ಇಷ್ಟಿದ್ದರೆ ಅಮಾವಾಸ್ಯೆಯ ಪೂಜೆಗೆ ಗಾಡಿ ತಯಾರು.