ಬರೀ ಭರ್ಜಿ ಅಲ್ರೀ, ಬಂದೂಕೂ ಇತ್ತು!

ಸೆಪ್ಟೆಂಬರ್ 23 ಬಂತು ಅಂದ್ರೆ ನನಗೆ ಸಿಟ್ಟು ಬರೋದು ಗ್ಯಾರಂಟಿ. ಹಲ್ಲುಜ್ಜೋದರೊಳಗೆ ಮೊಬೈಲಿನಲ್ಲಿ ಅದೇ ಹೈಫಾ ಸಂದೇಶ ಬಂದು ಕೂತಿರುತ್ತದೆ. ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು 1918ರಲ್ಲಿ ಬರೀ ಭರ್ಜಿ, ಕತ್ತಿ ಹಿಡಿದು ಮಶೀನ್‌ಗನ್ನುಗಳ ಬಾಯಿಗೆ ನುಗ್ಗಿದರಂತೆ, ಬಂದೂಕು ಅವರ ಹತ್ತಿರ ಇರಲೇ ಇಲ್ಲವಂತೆ, ಜಗತ್ತಿನ ಕಟ್ಟಕಡೆಯ ಕುದುರೆ ದಾಳಿ ಅದೇ ಅಂತೆ.... ಹತ್ತು ಮಂದಿಗೆ ಕಳಿಸಿ ಅಂತ ಬೇರೆ. ಕಳೆದ ಸಲ ನಮ್ಮ ಗೊಳಸಂಗಿ ಕಡೆಯ ಒಂದು ಕಾರ್ಯಕ್ರಮದಲ್ಲಿ ಭಾಷಣಕಾರರೊಬ್ಬರು ಇದನ್ನೇ ಮೈಕಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಪಕ್ಕದವರು ನೋಡ್ತಾ ಇದ್ರು :-) ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ.

ಕಟ್ಟಕಡೆಯ ದಾಳಿ ಅನ್ನೋದನ್ನ ಮೊದಲು ಮುಗಿಸಿಬಿಡೋಣ. 1942ರ ಆಗಸ್ಟಿನಲ್ಲಿ ರಷ್ಯಾದ ಬಯಲಿನಲ್ಲಿ ಇಟಲಿಯ ಸವಾರರು ಕುದುರೆ ನುಗ್ಗಿಸಿದ್ದಾರೆ. ಹೈಫಾ ಕಡೆಯದಲ್ಲ. ಆದರೆ ನನ್ನ ತಕರಾರು ಅದರ ಮೇಲಲ್ಲ, ಆ 'ಬರೀ ಭರ್ಜಿ' ಅನ್ನೋ ಮಾತಿನ ಮೇಲೆ.

ಅಲ್ರೀ, ಬಂದೂಕು ಇತ್ತು. ಲೀ-ಎನ್‌ಫೀಲ್ಡ್, .303. ತಡಿಯ ಬಲಕ್ಕೆ ಚರ್ಮದ ಚೀಲದಲ್ಲಿ, ಹಿಡಿ ಕೆಳಗೆ ನಳಿಗೆ ಮೇಲೆ ಮಾಡಿ ಸಿಗಿಸಿದ್ದು. ಗುಂಡುಗಳು ಎದೆಗಡ್ಡ ಹಾಕಿದ ಪಟ್ಟಿಯಲ್ಲಿ. ಕುದುರೆ ಮೇಲೆ, ಗುಡ್ಡದಲ್ಲಿ ಒಯ್ಯಲು ಎಂಥ ಬಂದೂಕು ಬೇಕು ಅನ್ನೋದರ ಬಗ್ಗೆ ಒಂದು ಸೈನ್ಯ ವರ್ಷಗಟ್ಟಲೆ ಜಗಳಾಡಿ ಆರಿಸಿದ ಬಂದೂಕದು. ಆ ಜಗಳ ಗೊತ್ತಿಲ್ಲದೆ ಹೈಫಾ ಅರ್ಥ ಆಗೋದಿಲ್ಲ.

ಬಂದೂಕಿನ ಬಗ್ಗೆ ಮಾತಾಡೋರು ಮೊದಲು ಕೇಳೋದು ಎಷ್ಟು ದೂರ ಹೊಡೀತದೆ ಅಂತ. ಸವಾರನ ಪ್ರಶ್ನೆ ಬೇರೆ. ಎಲ್ಲಿ ಕಟ್ಟೋದು? ಹತ್ತುವಾಗ ಕಾಲಿಗೆ ಅಡ್ಡ ಬರ್ತದಾ? ಕುದುರೆ ಮುಗ್ಗರಿಸಿ ಕಲ್ಲಿಗೆ ಬಡಿದರೆ ಗುರಿ ಕಣ್ಣು ಡೊಂಕಾಗ್ತದಾ? ನಮ್ಮೂರ ಮೇಲೆ ಕುರಿ ಹೊಡಕೊಂಡು ಹೋಗೋ ಕುರಿಗಾರರ ತಟ್ಟುಗಳನ್ನ ನೋಡಿದ್ದೀರಾ? ಬಲೆ, ಗೂಟ, ಪಾತ್ರೆ, ಮರಿ ಎಲ್ಲ ಅದರ ಬೆನ್ನ ಮೇಲೇ. ಒಬ್ಬ ಹಿರಿಯರನ್ನ ಒಮ್ಮೆ ಕೇಳಿದೆ, "ಯಜಮಾನ್ರ, ಇದರ ಮ್ಯಾಲ ಹೇರಾಕ ಯಾವುದು ತ್ರಾಸು?" ಅವರು ತಡ ಮಾಡಲಿಲ್ಲ: "ತೂಕದ್ದು ಹೊರತೈತಿ ತಮ್ಮಾ. ಉದ್ದಂದು ಬ್ಯಾಡ. ಜಾಲಿಗಂಟಿಗೆ ಸಿಕ್ಕೊಂಡ್ರ ತಟ್ಟೂನೂ ಬೀಳತೈತಿ, ನೀನೂ ಬೀಳತಿ."

ಬ್ರಿಟಿಷರಿಗೆ ಇದು ಗೊತ್ತಿತ್ತು. ಅದಕ್ಕೇ ಕಾಲಾಳಿಗೆ 49.6 ಇಂಚಿನ ಉದ್ದ ಲೀ-ಎನ್‌ಫೀಲ್ಡ್, ಸವಾರನಿಗೆ ಸುಮಾರು 40 ಇಂಚಿನ ಪುಟ್ಟ ಕಾರ್ಬೈನು. ಕಾರ್ಬೈನು ತಡಿಗೆ ಚಂದ ಕೂರುತ್ತಿತ್ತು, ಹೊಡೆಯೋಕೆ ಸಾಲುತ್ತಿರಲಿಲ್ಲ, ಹೊಟ್ಟೆಯಲ್ಲಿ ಆರೇ ಗುಂಡು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ರೈತರು ಕುದುರೆ ಏರಿ ಬಂದು, ಗುಡ್ಡದ ಮೇಲೆ ಇಳಿದು, ಮೌಸರ್ ರೈಫಲ್ಲಿನಿಂದ ದೂರದಿಂದಲೇ ಹೊಡೆದು ಮತ್ತೆ ಏರಿ ಮಾಯವಾದರು. ಸಾಮ್ರಾಜ್ಯದ ಕುದುರೆ ದಳ ಪಾಠ ಕಲಿತದ್ದು ರೈತರ ಹತ್ತಿರ!

ಹಾಗೆ ಹುಟ್ಟಿದ್ದು ಗಿಡ್ಡ ಲೀ-ಎನ್‌ಫೀಲ್ಡ್, 1903-04ರ ಸುಮಾರಿಗೆ. 44.5 ಇಂಚು, ಸುಮಾರು 4 ಕಿಲೋ, ಹತ್ತು ಗುಂಡು. ಉದ್ದವೂ ಅಲ್ಲ, ತೀರಾ ಗಿಡ್ಡವೂ ಅಲ್ಲ, ಸವಾರನಿಗೂ ಕಾಲಾಳಿಗೂ ಒಂದೇ. ನಳಿಗೆಯ ತುದಿಯವರೆಗೂ ಮರದ ಕವಚ, ಗುರಿ ಕಣ್ಣಿನ ಎರಡೂ ಬದಿಗೆ ಉಕ್ಕಿನ ಕಿವಿ, ಕಲ್ಲಿಗೆ ಬಡಿದರೂ ಏನೂ ಆಗಬಾರದು ಅಂತ. ಗುರಿಕಾರ ಪಂಡಿತರು ಆಗ ಬೊಬ್ಬೆ ಹೊಡೆದರು, ನಳಿಗೆ ಕತ್ತರಿಸಿ ಬಂದೂಕನ್ನೇ ಕೆಡಿಸಿದಿರಿ ಅಂತ. ಕಾಲಾಳುಗಳ ಬಂದೂಕು ಗಿಡ್ಡ ಆಯ್ತಲ್ಲ, ಅದನ್ನ ಸರಿದೂಗಿಸೋಕೆ 1907ರಲ್ಲಿ 17 ಇಂಚಿನ ಅಲಗಿನ ಬಯೊನೆಟ್ ಕೊಟ್ಟರು. ಕುದುರೆಯ ಅನುಕೂಲಕ್ಕೆ ನಡೆಯೋನು ಉದ್ದ ಚೂರಿ ಹೊತ್ತ! ಭರ್ಜಿಯನ್ನು ಲಾರ್ಡ್ ರಾಬರ್ಟ್ಸ್ 1903ರಲ್ಲಿ ಪರೇಡಿಗೆ ಮಾತ್ರ ಅಂತ ಮೂಲೆಗೆ ತಳ್ಳಿದ್ದ, ಭರ್ಜಿಪ್ರೇಮಿ ಸಾಹೇಬರು 1909ರಲ್ಲಿ ವಾಪಸ್ ತಂದರು. ಅಂದರೆ ಹೈಫಾದ ಸವಾರನ ಹತ್ತಿರ ಎರಡೂ ಇದ್ದವು, ಬಿದಿರಿನ ಭರ್ಜಿಯೂ, ತಡಿಗೆ ಕೂರುವ ರೈಫಲ್ಲೂ.

ಈಗ ಹೈಫಾಕ್ಕೆ ಬನ್ನಿ. ಒಂದು ಕಡೆ ಕಿಶೋನ್ ಹೊಳೆ, ಕುದುರೆ ಹುಗಿದುಹೋಗುವ ಕೆಸರು. ಇನ್ನೊಂದು ಕಡೆ ಕಾರ್ಮೆಲ್ ಗುಡ್ಡ, ಮೇಲೆ ತೋಪುಗಳು, ಮಶೀನ್‌ಗನ್ನುಗಳು. ನಡುವೆ ಇಕ್ಕಟ್ಟಾದ ದಾರಿ. ಮಧ್ಯಾಹ್ನ ಹನ್ನೆರಡಕ್ಕೆ ಮೊದಲೇ ಮೈಸೂರಿನ ಒಂದು ಸ್ಕ್ವಾಡ್ರನ್, ಜೊತೆಗೆ ಇಂಗ್ಲೆಂಡಿನ ಶರ್ವುಡ್ ರೇಂಜರ್ಸ್‌ನ ಒಂದು ಸ್ಕ್ವಾಡ್ರನ್, ಕಾರ್ಮೆಲ್ಲಿನ ಕಡಿದಾದ ಇಳಿಜಾರು ಹತ್ತತೊಡಗಿದವು. ಹತ್ತುತ್ತ ಹತ್ತುತ್ತ ದಳ ಕರಗಿತು. ತೋಪುಗಳ ಮೇಲೆ ಕುದುರೆ ನುಗ್ಗಿಸುವ ಹೊತ್ತಿಗೆ ಆ ಮೈಸೂರು ಸ್ಕ್ವಾಡ್ರನ್ನಿನಲ್ಲಿ ಉಳಿದಿದ್ದು ಸುಮಾರು 15 ಮಂದಿ. ಅಷ್ಟೇ ಜನ ನುಗ್ಗಿದರು, ತೋಪುಗಳ ಬಾಯಿ ಕಟ್ಟಿಸಿದರು.

ಕೆಳಗೆ ಊರಿನ ಮೇಲೆ ನುಗ್ಗಿದ್ದು ಜೋಧಪುರದವರು, ಮೇಜರ್ ದಲಪತ್ ಸಿಂಗ್ ಜೀವ ಕೊಟ್ಟಿದ್ದು ಅಲ್ಲೇ. ಮೈಸೂರಿನ ಉಳಿದ ಸ್ಕ್ವಾಡ್ರನ್ನುಗಳು ಆಗೇನು ಮಾಡ್ತಾ ಇದ್ದವು? ಗುಂಡು ಹಾರಿಸ್ತಾ ಇದ್ದವು ಸ್ವಾಮೀ! ಜೋಧಪುರದವರು ದಾಟುವವರೆಗೆ ಎದುರಾಳಿಯ ತಲೆ ಮೇಲೇಳದಂತೆ ನೋಡಿಕೊಂಡು, ಆಮೇಲೆ ಕುದುರೆ ಏರಿ ಅವರ ಹಿಂದೆಯೇ ಊರು ಹೊಕ್ಕರು. ಆ ದಿನ ಸೆರೆ ಸಿಕ್ಕವರು 1,350, ವಶವಾದ ತೋಪು 17. ಯಾವಾಗ ಇಳಿಯಬೇಕು, ಯಾವಾಗ ಹೊಡೆಯಬೇಕು, ಯಾವಾಗ ಮತ್ತೆ ಏರಬೇಕು ಅನ್ನೋ ಲೆಕ್ಕ ಇತ್ತು ಅವರಿಗೆ. ಬೋಯರ್ ರೈತರ ಪಾಠ ಅದು. ಫಾರ್ವರ್ಡ್ ಮಾಡೋರು ಆ ಲೆಕ್ಕವನ್ನೇ ಅಳಿಸಿಹಾಕಿ, ನಮ್ಮವರನ್ನ ಕಣ್ಣು ಮುಚ್ಚಿ ಸಾವಿಗೆ ಹಾರಿದ ಹುಂಬರನ್ನಾಗಿ ಮಾಡ್ತಾರೆ. ಇದು ಹೊಗಳಿಕೆಯಾ?

ನೀವು ವೀರರನ್ನ ಸಣ್ಣವರನ್ನಾಗಿ ಮಾಡ್ತೀರಿ ಅಂತ ಒಬ್ಬ ಗೆಳೆಯರು ಮುನಿಸಿಕೊಂಡರು. ಬಂದೂಕು ಇತ್ತು ಅಂದ್ರೆ ಹದಿನೈದು ಜನ ಹೇಗೆ ಸಣ್ಣವರಾಗ್ತಾರೋ ನನಗೆ ತಿಳಿಯಲಿಲ್ಲ.

ನನಗೆ ಇದು ಚುಚ್ಚೋಕೆ ಇನ್ನೊಂದು ಕಾರಣ ಇದೆ. ನಮ್ಮ ಬಾಗೇವಾಡಿ ಸೀಮೆ ಆಗ ಮೈಸೂರಲ್ಲ, ಮುಂಬೈ ಆಧಿಪತ್ಯ. ಮೈಸೂರು ಲ್ಯಾನ್ಸರ್ಸ್ ನಮ್ಮ ರಾಜನ ಸೈನ್ಯ ಅಲ್ಲ. ನಮ್ಮ ಕಡೆಯ ನೆನಪು ಹಲಗಲಿ. 1857ರಲ್ಲಿ ಹತಾರ ಒಪ್ಪಿಸಿ ಅಂತ ಕಾನೂನು ಬಂದಾಗ ಹಲಗಲಿಯ ಬೇಡರು ಒಲ್ಲೆ ಅಂದರು. ನವೆಂಬರ್ ಕೊನೆಗೆ ಕುದುರೆ ದಳ ಬಂದು ಊರು ಮುತ್ತಿತು, ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13, ಹಲಗಲಿಯಲ್ಲಿ 6 ಜನರನ್ನ ಗಲ್ಲಿಗೇರಿಸಿದರು. ಅದಾದ ಮೇಲೆ ಸರಕಾರದ ನೀತಿಯೇ ಹಾಗಾಯ್ತು. ಗೋರಾ ಸಿಪಾಯಿಗೆ ಮಾರ್ಟಿನಿ ಇದ್ದಾಗ ಕರಿಯ ಸಿಪಾಯಿಗೆ ಹಳೇ ಸ್ನೈಡರ್. ತೋಪುಗಳಂತೂ, ಪರ್ವತ ಬ್ಯಾಟರಿಗಳನ್ನು ಬಿಟ್ಟರೆ, ಬಹುಪಾಲು ಗೋರಾಗಳ ಕೈಯಲ್ಲೇ. ರುಮಾಲು ಸುತ್ತಿದ, ಭರ್ಜಿ ಹಿಡಿದ, ನೋಡೋಕೆ ಚಂದದ ಸವಾರ ಅನ್ನೋ ಚಿತ್ರ ಸಾಹೇಬನಿಗೆ ಬಹಳ ಇಷ್ಟ. ಒಳ್ಳೆಯ ಬಂದೂಕಿನ ಜೊತೆ ಅವನ ನೆನಪು ಬೇಡ. ಅಂಥಾದ್ದರಲ್ಲಿ ಬಿಳಿಯರ ಸರಿಸಮ ರೈಫಲ್ಲು ತಡಿಗೆ ಬರೋಕೆ ಹಲಗಲಿಯಿಂದ ಅರವತ್ತು ವರ್ಷ, ಒಂದು ಮಹಾಯುದ್ಧ ಬೇಕಾಯ್ತು. ನಾವು ಈಗ ಅದನ್ನ ಕಿತ್ತು ಬದಿಗಿಟ್ಟು, ಸಾಹೇಬನ ಚಿತ್ರಕ್ಕೇ ಹೂವಿನ ಹಾರ ಹಾಕ್ತಾ ಇದ್ದೀವಿ. ದಿಲ್ಲಿಯ ತೀನ್ ಮೂರ್ತಿ ಚೌಕಕ್ಕೆ 2018ರಲ್ಲಿ ಹೈಫಾ ಹೆಸರು ಸೇರಿಸಿದರು, ಸಂತೋಷ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕ ಇದೆ, ಫಾರ್ವರ್ಡ್ ಮಾಡೋರಲ್ಲಿ ಎಷ್ಟು ಜನ ಹೋಗಿ ನೋಡಿದ್ದಾರೆ?

ಮೊನ್ನೆ ಆ ಕುರಿಗಾರ ಯಜಮಾನರು ಮತ್ತೆ ಸಿಕ್ಕಿದ್ದರು. ಮೊಬೈಲಿನಲ್ಲಿ ಲ್ಯಾನ್ಸರ್ ಸವಾರನ ಹಳೇ ಫೋಟೋ ತೋರಿಸಿದೆ. ರುಮಾಲು ನೋಡಲಿಲ್ಲ, ಭರ್ಜಿ ನೋಡಲಿಲ್ಲ. ಬಂದೂಕಿನ ಚೀಲದ ಮೇಲೆ ಬೆರಳಿಟ್ಟು ಕೇಳಿದರು, "ಈ ಕಡಿ ಇದು ಆತು. ವಜ್ಜಿ ಸಮ ಆಗಬೇಕಲ್ಲ, ಆ ಕಡಿ ಏನ್ ಕಟ್ಟತಿದ್ರು?"

ಕತ್ತಿ ಅಂದೆ. "ಹಂಗಾರ ಬರೋಬ್ಬರಿ ಐತಿ" ಅಂತ ಹೇಳಿ ಕುರಿ ಹೊಡಕೊಂಡು ಹೋದರು.